ಒಡಕಿನ ನಾಲ್ಕು ಮೂಟೆ

ಪ್ರತಿವರ್ಷ ನಮ್ಮ ಅಟ್ಟದಿಂದ ಕಾಯಿ ಇಳಿಸುವ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಆಕೆ. ಸಿಪ್ಪೆ ಸುಲಿಯುವ ಗಂಡಸರು ಬಂದು ಹಾರೆ ನೆಡುವುದರೊಳಗೆ ರಾಶಿಯಿಂದ ಹತ್ತಿಪ್ಪತ್ತು ಕಾಯಿ ಎತ್ತಿಕೊಂಡು ಒಂದೊಂದನ್ನೂ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದಳು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತ ಕಾಯಿಯಲ್ಲಿ ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡಿರುತ್ತದೆ. ಅಲ್ಲಾಡಿಸಿದರೆ ಕೊಬ್ಬರಿಯ ಉಂಡೆ ಒಳಗೆ ಗುಡುಗುಡು ಉರುಳುತ್ತದೆ. ಬಿಡಿಸಿಕೊಳ್ಳದಿದ್ದರೆ ಸದ್ದಿಲ್ಲ. ಒಳಗೇ ಕೊಳೆತಿದ್ದರೆ ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂಥ ಸದ್ದು.

“ಇದಾಗೈತೆ. ಇದಕ್ಕಿನ್ನೂ ಒಂದ್ ತಿಂಗ್ಳು. ಇದು ಸತ್ತೋಗೈತೆ,” ಎನ್ನುತ್ತ ಮೂರು ಗುಡ್ಡೆ ಮಾಡುತ್ತಿದ್ದಳು. ಒಡೆದು ನೋಡಿದರೆ ಆಕೆ ಹೇಳಿದಂತೆಯೇ ಇರುತ್ತಿತ್ತು.

ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯದು. ನಾನು ತಿಪಟೂರಿನಲ್ಲಿ ಒಂದು ಪತ್ರಿಕೆಯ ವರದಿಗಾರ. ಹರಾಜಿನ ದಿನ ಮಾರುಕಟ್ಟೆಗೆ ಹೋಗಿ ಕೊಬ್ಬರಿ ದರ ಬರೆದು ಕಳಿಸುವುದು ನನ್ನ ಕೆಲಸಗಳಲ್ಲಿ ಒಂದು. ಭಾನುವಾರ ಊರಿಗೆ ಹೋದರೆ ತೋಟದ ಕೆಲಸದವರು ಮೊದಲು ಕೇಳುವುದೂ ಅದನ್ನೇ. ಅವರು ನನ್ನನ್ನು ಪೇಪರಣ್ಣ ಎಂದು ಕರೆಯುತ್ತಾರೆ. ನಾನು ಹೇಳಿದ ದರ ತಪ್ಪಿದ್ದಿಲ್ಲ. ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಚಿಪ್ಪು ತೆಗೆಯುವ ಕೆಲಸ ಹೆಂಗಸರದು. ಸುಲಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತ ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಬೇಕು. ಏಟು ಕಡಿಮೆಯಾದರೆ ಚಿಪ್ಪು ಬಿಡುವುದಿಲ್ಲ, ಹೆಚ್ಚಾದರೆ ಒಳಗಿನ ಉಂಡೆ ಸೀಳುತ್ತದೆ. ಇಡೀ ಉಂಡೆ ತಿಪಟೂರಿನ ಹರಾಜಿಗೆ ಹೋಗಿ ಅಲ್ಲಿಂದ ಉತ್ತರದ ಊರುಗಳ ಹಬ್ಬ ಮದುವೆಗಳಿಗೆ ಹೋಗುತ್ತದೆ. ಸೀಳಿದ್ದು ಒಡಕು, ಅದು ಎಣ್ಣೆ ಮಿಲ್ಲಿಗೆ. ಒಡಕು ಚಿಪ್ಪು ತೆಗೆದವರಿಗೆ ಸೇರಬೇಕು ಎಂಬುದು ನಮ್ಮ ಸುತ್ತಿನ ಹಳ್ಳಿಗಳ ಪದ್ಧತಿ. ಹಾಗೆಂದು ಬೇಕೆಂದೇ ಒಡೆಯುವಂತಿಲ್ಲ; ಹೆಚ್ಚು ಒಡೆದವಳನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಕೈ ಒಳ್ಳೆಯದಿದ್ದಷ್ಟೂ ಮಡಿಲಿಗೆ ಬೀಳುವುದು ಕಡಿಮೆ. ಆಕೆಯ ಕೈ ಎಲ್ಲರ ಕೈಗಿಂತ ಒಳ್ಳೆಯದಿತ್ತು.

ನಾನು ಹೇಳುತ್ತಿರುವುದು ಕೊಬ್ಬರಿ ಬೆಲೆ ಪೂರ್ತಿ ಕುಸಿದಿದ್ದ ಕಾಲದಿಂದ ಶುರುವಾಗುತ್ತದೆ. ಹೊರದೇಶದಿಂದ ಹಡಗಿನಲ್ಲಿ ಬರುವ ತಾಳೆ ಎಣ್ಣೆಯ ಮೇಲಿನ ಸುಂಕವನ್ನು ಇಳಿಸಿದ್ದರು. ಪಟ್ಟಣದ ಅಡುಗೆಮನೆಗೆ ಎಣ್ಣೆ ಅಗ್ಗವಾಯಿತು, ಅದಕ್ಕಾಗಿಯೇ ಇಳಿಸಿದ್ದು. ಅಗ್ಗದ ಎಣ್ಣೆಯ ಎದುರು ನಮ್ಮ ಮಿಲ್ಲುಗಳ ಎಣ್ಣೆ ಡಬ್ಬಿಯಲ್ಲೇ ಉಳಿಯಿತು. ಎಣ್ಣೆ ಉಳಿದರೆ ಮಿಲ್ಲಿನವರು ಒಡಕು ಕೊಳ್ಳುವುದಿಲ್ಲ, ಕೊಂಡರೂ ಅವರು ಹೇಳಿದ್ದೇ ಬೆಲೆ. ಉಂಡೆಯ ಬೆಲೆಯೂ ಅದರ ಹಿಂದೆಯೇ ಇಳಿಯಿತು. ಬೆಳೆಗಾರರು ಧರಣಿ ಕೂತರು, ಅದರ ಸುದ್ದಿ ನಾನು ಬರೆದೆ. ಚಿಪ್ಪು ತೆಗೆಯುವ ಹೆಂಗಸರು ಧರಣಿಗೆ ಹೋಗಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ.

ಆ ಹಂಗಾಮಿನಲ್ಲಿ ಮನೆಮನೆಯಲ್ಲೂ ಕೂಲಿಗೆ ಕಾಸು ಸಾಲಲಿಲ್ಲ. ನಮ್ಮ ಅವ್ವ ಒಂದು ಉಪಾಯ ಕಂಡುಕೊಂಡಳು. ಬೇರೆ ಮನೆಯವರೂ ಅದನ್ನೇ ಮಾಡಿದರು.

“ಅರ್ಧ ಕೂಲಿ ದುಡ್ಡು ಕೊಡ್ತೀನಿ ಕಣೇ. ಇನ್ನರ್ಧಕ್ಕೆ ಒಡಕು ತಗೊಂಡೋಗು. ಚಿಪ್ಪಿಗೆ ಕಚ್ಕಂಡಿರೋದ್ನೂ ತಗೋ, ನಂಗ್ಯಾಕೆ?” ಎಂದಳು ಅವ್ವ.

“ನನ್ ಕೈಗೆ ಒಡಕು ಎಲ್ಲಿ ಬಿದ್ದಾವು ಅವ್ವಾರೆ?”

ಪಕ್ಕದಲ್ಲಿ ಹಾರೆಗೆ ಕಾಯಿ ಚುಚ್ಚುತ್ತಿದ್ದ ಆಕೆಯ ಗಂಡ ತಲೆ ಎತ್ತದೆ ಹೇಳಿದ: “ಅವ್ಳ ಮಚ್ಚು ನಂಗೆ ಕೊಡಿ ಅವ್ವಾರೆ. ಸಾಯಂಕಾಲದೊಳ್ಗೆ ನಮ್ಮ ಕೂಲಿ ಪೂರ್ತಿ ಒಡ್ದು ಗುಡ್ಡೆ ಹಾಕ್ತೀನಿ.”

“ನಿನ್ ತಲೇನೂ ಅದ್ರಾಗೇ ಸೇರ್ಸ್ತೀನಿ, ಸುಲಿಯಲಾ,” ಎಂದಳು ಅವ್ವ. ಎಲ್ಲರೂ ನಕ್ಕರು. ಅವ್ವ ಬೇರೆ ಹೆಂಗಸರ ಪಾಲಿನಿಂದಲೂ ಒಂದಿಷ್ಟು ತೆಗೆದು ಆಕೆಗೆ ಅಳೆದಳು. ಆ ಹೆಂಗಸರು ತಮ್ಮ ಒಡಕನ್ನು ಸೈಕಲ್ ವ್ಯಾಪಾರಿಗೆ ಸಿಕ್ಕಿದ ಬೆಲೆಗೆ ಹಾಕಿದರು. ಆಕೆ ಹಾಕಲಿಲ್ಲ. ನಮ್ಮ ಕಣದಲ್ಲೇ ಬಿಸಿಲಿಗೆ ಹರವಿ, ಒಣಗಿಸಿ, ಮೂಟೆ ಕಟ್ಟಿದಳು. ಹಂಗಾಮು ಮುಗಿಯುವಾಗ ಗಂಡ ಹೆಂಡಿರ ಅರ್ಧ ಕೂಲಿ ನಾಲ್ಕು ಮೂಟೆ ಒಡಕಾಗಿ ಅವರ ಮನೆಯ ಅಟ್ಟ ಏರಿತ್ತು.

ಅವರದು ಎರಡು ಕೋಣೆಯ ಮಣ್ಣುಗೋಡೆಯ ಮನೆ, ಮೇಲೆ ಹೆಂಚು. ಮುಂದಿನ ಮಳೆಗಾಲದಲ್ಲಿ ಹಿಂದಿನ ಕೋಣೆಯ ಗೋಡೆ ಹಗಲು ಹೊತ್ತಿನಲ್ಲೇ ಕೂತುಕೊಂಡಿತು. ಒಳಗೆ ಯಾರೂ ಇರಲಿಲ್ಲ. ಆ ಕೋಣೆಯ ಹೆಂಚಿನಲ್ಲಿ ಒಡೆಯದೆ ಉಳಿದವನ್ನು ಆಯ್ದು ಮುಂದಿನ ಕೋಣೆಯ ತೂತುಗಳಿಗೆ ಹಾಕಿಕೊಂಡರು. ಮೂಟೆಗಳಿದ್ದ ಅಟ್ಟ ಎರಡು ಕೋಣೆಗಳ ನಡುವಿನದು. ಅದರ ಒಂದು ಮಗ್ಗುಲು ಈಗ ಬಯಲಿಗೆ ತೆರೆದುಕೊಂಡಿತ್ತು. ಅಲ್ಲಿಗೆ ಪ್ಲಾಸ್ಟಿಕ್ ತಾಡಪಾಲು ಕಟ್ಟಿದರು.

ಮನೆ ಕಳೆದುಕೊಂಡವರ ಪಟ್ಟಿಗೆ ಹೆಸರು ಸೇರಿದರೆ ಸರ್ಕಾರದ ಮನೆ ಸಿಗುತ್ತದೆ. ದೀಪಾವಳಿ ಕಳೆದ ಮೇಲಿನ ಗ್ರಾಮಸಭೆಯಲ್ಲಿ ಪಟ್ಟಿ ಓದುತ್ತಾರೆ ಎಂದು ಗೊತ್ತಾಯಿತು. ಮತ್ತೊಂದು ಪಟ್ಟಿ ಯಾವಾಗ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದು ಭಾನುವಾರ ನಾನು ಅವರ ಮನೆಯ ಮುಂದೆ ನಿಂತಿದ್ದಾಗಲೇ ಪಂಚಾಯಿತಿಯ ಬಿಲ್ ಕಲೆಕ್ಟರ್ ಮೋಟಾರ್ ಬೈಕಿನಲ್ಲಿ ಬಂದ. ಕಂದಾಯ ವಸೂಲಿ ಮಾಡುವವನು ಅವನೇ. ಕೆಟ್ಟ ಮನುಷ್ಯನಲ್ಲ. ಬಿದ್ದ ಗೋಡೆಯನ್ನು ನೋಡಿ ನಾಲಿಗೆ ಚಪ್ಪರಿಸಿದ.

“ಪಟ್ಟಿಗೆ ಸೇರ್ಸಕೆ ಏನಿಲ್ಲ ಕಣಮ್ಮ. ಅರ್ಜಿ ಜೊತೆ ಕಂದಾಯ ಕಟ್ಟಿರೋ ರಸೀದಿ ಇಡು. ನಿಮ್ದು ಏಳೆಂಟು ವರ್ಷದ್ದು ಹಂಗೇ ನಿಂತೈತೆ.”

“ಒಂದ್ ಕೋಣೆ ಬಿದ್ದೋಯ್ತಲ್ಲ ಸಾಮಿ. ಅದಕ್ಕೂ ಕಂದಾಯವಾ?”

“ಪುಸ್ತಕದಾಗೆ ಎರಡೂ ಕೋಣೆ ನಿಂತವೆ. ನಲ್ಲೀದೂ ಸೇರೈತೆ.”

“ನಲ್ಲೀಲಿ ನೀರು ಬಂದು ಎಷ್ಟ್ ಕಾಲ ಆಯ್ತು?”

“ನೀರಿಲ್ದಿದ್ರೂ ನಲ್ಲಿ ಐತಲ್ಲ.”

“ಹಂಗಾದ್ರೆ ಬುಡಿ ಸಾಮಿ,” ಎಂದ ಆಕೆಯ ಗಂಡ, “ಈ ಮಳೇಲಿ ನಿಮ್ ಪುಸ್ತಕದಾಗೇ ಮಲಿಕ್ಕತ್ತೀವಿ.”

ಬಿಲ್ ಕಲೆಕ್ಟರ್ ಕೂಡ ನಕ್ಕ. ಬೈಕಿನ ಮೇಲೆ ಕೂತೇ ಒಟ್ಟು ಎಷ್ಟಾಗುತ್ತದೆ ಎಂದು ಹೇಳಿ ಹೊರಟುಹೋದ. ಅವನು ಹೇಳಿದ್ದನ್ನು ನಾವು ಮೂವರೂ, ಅಷ್ಟನ್ನೂ ಒಟ್ಟಿಗೆ ಕಟ್ಟಬೇಕು ಎಂದು ತಿಳಿದುಕೊಂಡೆವು. ನನ್ನ ವೃತ್ತಿಯಲ್ಲಿ ಇಂಥ ಕಡೆ ಇನ್ನೊಂದು ಪ್ರಶ್ನೆ ಕೇಳಬೇಕು. ಕೇಳಲಿಲ್ಲ.

ಅವನು ಹೋದ ಮೇಲೆ ಆಕೆ ಅಟ್ಟದ ಕಡೆ ನೋಡಿ ಕೇಳಿದಳು: “ಮಾರ್ಬುಡ್ಲಾ ಪೇಪರಣ್ಣ?”

ಆವತ್ತಿನ ಬೆಲೆಗೆ ನಾಲ್ಕು ಮೂಟೆ ಮಾರಿದ್ದರೆ ಬಾಕಿಯ ಮುಕ್ಕಾಲು ತೀರುತ್ತಿತ್ತು. ಉಳಿದ ಕಾಲು ಪಾಲಿಗೆ ಏನು ಮಾಡುವುದು ಎಂಬುದು ಆಕೆಯ ಪ್ರಶ್ನೆಯ ಒಳಗೇ ಇತ್ತು. ಎಣ್ಣೆಯ ಮೇಲಿನ ಆಮದು ಸುಂಕವನ್ನು ಏರಿಸುವ ಯೋಚನೆ ನಡೆದಿದೆ ಎಂಬ ಸುದ್ದಿ ಆ ವಾರ ನಮ್ಮ ಪತ್ರಿಕೆಯಲ್ಲೇ ಬಂದಿತ್ತು. ನಾನು ಅದನ್ನು ಆಕೆಗೆ ಬಿಡಿಸಿ ಹೇಳಿದೆ. ಸುಂಕ ಏರಿದರೆ ಹೊರಗಿನ ಎಣ್ಣೆ ದುಬಾರಿಯಾಗುತ್ತದೆ, ಆಗ ಮಿಲ್ಲಿನವರು ಒಡಕನ್ನು ಹುಡುಕಿಕೊಂಡು ಬರುತ್ತಾರೆ, ಒಂದೆರಡು ತಿಂಗಳು ತಡೆದುಕೋ ಎಂದೆ.

“ಮಳೆಗಾಲ ಕಣಣ್ಣ. ಉಂಡೆ ಆದ್ರೆ ತಡೀತದೆ. ಒಡಕು ತಡಿಯಲ್ಲ.”

“ತಾಡಪಾಲು ಇದೆಯಲ್ಲ.”

“ಸುಂಕ ಏರೋದು ಪೇಪರ್ನಾಗೆ ಬಂದೈತಾ?”

“ಬಂದಿದೆ.”

“ಬಂದಿದ್ರೆ ಸರಿ ಬುಡಿ.”

ತೆಂಗಿನ ಸೀಮೆಯಲ್ಲಿ ಕಾಯುವುದು ಬುದ್ಧಿವಂತಿಕೆ. ಬೆಲೆ ಇಲ್ಲದಿದ್ದರೆ ಕಾಯಿಯನ್ನು ಅಟ್ಟದಲ್ಲೇ ಬಿಡುತ್ತಾರೆ, ಇಳಿಸಿದ್ದರೆ ಉಂಡೆಯನ್ನು ಚೀಲದಲ್ಲೇ ಬಿಡುತ್ತಾರೆ. ಮಾರಿ ಕೆಟ್ಟವರ ಕತೆ ಎಲ್ಲ ಮನೆಯಲ್ಲೂ ಉಂಟು, ಕಾದು ಕೆಟ್ಟವರ ಕತೆ ಯಾರೂ ಹೇಳುವುದಿಲ್ಲ. ಆಕೆ ಹುಟ್ಟಿದಾಗಿನಿಂದ ಕಂಡದ್ದು ಕಾಯುವವರನ್ನೇ. ಅವರ ಅಟ್ಟದ ಕೆಳಗೆ ಕೂತೇ ಕೆಲಸ ಮಾಡಿದ್ದಳು. ನಾನು ಅಂಥದೇ ಒಂದು ಮನೆಯವನು. ನಮ್ಮ ಅಟ್ಟದ ಕೆಳಗೆ ಒಲೆ ಉರಿಯುತ್ತದೆ, ಮೇಲೆ ಗಟ್ಟಿ ಛಾವಣಿ ಇದೆ. ನಾನು ಆಕೆಗೆ ಹೇಳಿದ್ದು ನಮ್ಮ ಮನೆಯಲ್ಲಿ ನಮಗೆ ನಾವು ಹೇಳಿಕೊಳ್ಳುವ ಮಾತು.

ಸುಂಕ ಏರಿತು. ಹಬ್ಬದ ಸಾಲು ಶುರುವಾಗುವ ಹೊತ್ತಿಗೆ ಆದೇಶ ಬಂತು. ನಮ್ಮ ಪುಟದಲ್ಲಿ ಮೊದಲ ಸುದ್ದಿ ಅದೇ. ಕೊಬ್ಬರಿ ಬೆಳೆಗಾರರಲ್ಲಿ ಹರ್ಷ ಎಂದು ತಲೆಬರಹ ಕೊಟ್ಟವನು ನಾನು. ಮುಂದಿನ ಹರಾಜಿನಲ್ಲೇ ಉಂಡೆಯ ದರ ಜಿಗಿಯಿತು. ಪತ್ರಿಕೆ ಮಡಚಿಕೊಂಡು ಊರಿಗೆ ಹೋದೆ. ಓದಲು ಬಾರದ ಆಕೆಗೆ ಆ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದೆ.

“ಅಂಗಾದ್ರೆ ಇಳಿಸ್ಲಾ?” ಎಂದು ನನ್ನನ್ನು ಕೇಳಿ ಆಕೆ ಗಂಡನನ್ನು ಕೂಗಿದಳು.

ಮೊದಲ ಮೂಟೆ ಇಳಿಸಿ ಅವನು ನೆಲದ ಮೇಲೆ ಇಟ್ಟ. ಆಕೆ ಮೂಟೆಯ ಬಾಯಿ ಬಿಚ್ಚಲಿಲ್ಲ. ಕೈಯಿಂದ ಮೂಟೆಯ ಮಗ್ಗುಲಿಗೆ ಒಮ್ಮೆ ತಟ್ಟಿದಳು. ಒಣಗಿದ ಒಡಕಾದರೆ ಕಲಕಲ ಎನ್ನಬೇಕು. ಅದು ಏನೂ ಅನ್ನಲಿಲ್ಲ. ಆಕೆಯ ಮುಖ ಆಗಲೇ ಬದಲಾಯಿತು. ಬಿಚ್ಚಿ ನೋಡಿದ್ದು ನನಗಾಗಿ. ತಾಡಪಾಲಿನ ಕೆಳಗಿನಿಂದ ಎರಚಲು ನುಗ್ಗಿತ್ತು. ಮೇಲಿನ ಪದರ ಹಳದಿ, ಅದರ ಕೆಳಗೆ ಹಸಿರು ಬೂಷ್ಟು, ಇನ್ನೂ ಕೆಳಗೆ ಕೈ ಹಾಕಿದರೆ ಬೆಚ್ಚಗೆ. ಕೆಟ್ಟ ಕೊಬ್ಬರಿಯ ಹುಳಿ ಕಮಟಿಗೆ ನಮ್ಮ ಕಡೆ ಕೌಟು ಎನ್ನುತ್ತಾರೆ. ಆ ವಾಸನೆ ಇಡೀ ಕೋಣೆಗೆ ಹಬ್ಬಿತು. ಎರಡು ಮೂಟೆ ಪೂರ್ತಿ ಕೌಟು, ಇನ್ನೆರಡು ಅರ್ಧ.

“ನೀವು ಹೇಳಿದ್ದು ಸರಿಯಾಗೇ ಬಂತು ಕಣಣ್ಣ,” ಎಂದಳು ಆಕೆ. ಚುಚ್ಚುವುದಕ್ಕೆ ಹೇಳಿದ್ದಲ್ಲ. ಸುಂಕ ಏರುತ್ತದೆ ಎಂದಿದ್ದೆ, ಏರಿತ್ತು. ಬೆಲೆ ಹೆಚ್ಚುತ್ತದೆ ಎಂದಿದ್ದೆ, ಹೆಚ್ಚಿತ್ತು.

ಮೂರು ದಿನ ಬಿಸಿಲಿಗೆ ಹಾಕಿದರು. ಗೋಣಿತಾಟಿನಿಂದ ಒಂದೊಂದೇ ಚೂರನ್ನು ಉಜ್ಜಿದರು. ಗ್ರಾಮಸಭೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ತಿಪಟೂರಿನ ಮಿಲ್ಲಿಗೆ ನೇರವಾಗಿ ಒಯ್ದರೆ ಸೈಕಲ್ ವ್ಯಾಪಾರಿಗಿಂತ ಹೆಚ್ಚು ಸಿಗಬಹುದು ಎಂದು ಚಿಕ್ಕನಾಯಕನಹಳ್ಳಿಯಿಂದ ಒಂದು ಲಗೇಜ್ ಆಟೋ ಕರೆಸಿದರು. ಚಾಲಕ ಪೇಟೆಯ ಸಾಬರ ಮನೆಯವನು. ವಾರದ ಅರ್ಧ ದಿನ ಗ್ಯಾರೇಜಿನಲ್ಲಿ ಕೆಲಸ, ಅರ್ಧ ದಿನ ಗಾಡಿ. ಮೂಟೆ ಎತ್ತಿಹಾಕುವಾಗಲೇ ಮೂಗು ಮುಚ್ಚಿಕೊಂಡ.

“ಯಾ ಅಲ್ಲಾ! ಏನಮ್ಮ, ಕೊಬ್ರೀನಾ, ಸತ್ತಿರೋ ಎಮ್ಮೇನಾ?”

“ಎಮ್ಮೆ ಆಗಿದ್ರೆ ಚರ್ಮಕ್ಕಾದ್ರೂ ಕಾಸು ಬತ್ತಿತ್ತು ಕಣಪ್ಪ. ಹತ್ತು, ಹೋಗನ,” ಎಂದಳು.

ನಾನೂ ಆವತ್ತು ತಿಪಟೂರಿಗೆ ಹೊರಟಿದ್ದೆ. ಚಾಲಕನ ಪಕ್ಕ ಕೂತೆ. ಗಂಡ ಹೆಂಡಿರು ಹಿಂದೆ ಮೂಟೆಗಳ ಮೇಲೆ ಕೂತರು. ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಬದಿಯಲ್ಲಿ ಮಾರುಕಟ್ಟೆ ಸಮಿತಿಯ ತಪಾಸಣೆಯ ಜೀಪು ನಿಂತಿತ್ತು. ಕೊಬ್ಬರಿ ಬೆಲೆ ಬಿದ್ದಿದ್ದ ಎರಡು ವರ್ಷ ಆ ಜೀಪನ್ನು ನಾನು ಆ ರಸ್ತೆಯಲ್ಲಿ ನೋಡಿದ ನೆನಪಿಲ್ಲ. ಬೆಲೆ ಏರಿದ ತಿಂಗಳಲ್ಲೇ ಅದೂ ಬಂದಿತ್ತು.

ಅಧಿಕಾರಿ ಮೂಟೆ ಮುಟ್ಟಿ ಕೇಳಿದ: “ಎಲ್ಲಿಗೆ?”

“ಮಿಲ್ಲಿಗೆ ಸಾಮಿ.”

“ಮಾರುಕಟ್ಟೆ ಶುಲ್ಕ ಕಟ್ಟಿರೋ ಚೀಟಿ?”

ಆ ಶುಲ್ಕ ಕೊಳ್ಳುವವನು ಕೊಡಬೇಕಾದದ್ದು. ಅಷ್ಟು ನಿಯಮ ನನಗೆ ಗೊತ್ತಿತ್ತು, ಇಳಿದು ಹೇಳಿದೆ.

“ಸರಿ ಸಾರ್. ಕೊಳ್ಳೋನು ಯಾರು, ಕರೀರಿ. ಅವನ ಹತ್ರನೇ ತಗೋತೀನಿ.”

ಕೊಳ್ಳುವವನು ಇನ್ನೂ ಯಾರೂ ಇರಲಿಲ್ಲ.

“ಬೆಳೆದೋರು ತಮ್ಮ ಮಾಲು ತಗೊಂಡು ಹೋಗ್ತಿದ್ರೆ ನಾನು ತಡಿಯಲ್ಲ,” ಎಂದ ಅವನು ಆಕೆಯ ಕಡೆ ತಿರುಗಿ. “ಪಹಣಿ ತೋರ್ಸಮ್ಮ. ಜಮೀನು ಎಷ್ಟೈತೆ?”

“ಜಮೀನಿಲ್ಲ ಸಾಮಿ. ಇದು ಕೂಲಿಗೆ ಕೊಟ್ಟಿದ್ದು.”

“ಜಮೀನಿಲ್ದೋರ ಹತ್ರ ನಾಲ್ಕು ಮೂಟೆ ಕೊಬ್ರಿ ಇದ್ರೆ ಅದು ಯಾಪಾರ ಅಲ್ವೇನಮ್ಮ?”

“ಯಾಪಾರಸ್ತೆ ನೋಡಿ,” ಎಂದ ಗಂಡ ಮೂಟೆಯ ಮೇಲಿಂದ. “ನಾಳೆಯಿಂದ ಗಲ್ಲಾ ಪೆಟ್ಟಿಗೆ ಇಟ್ಕಂಡು ಕೂತ್ಕಳೇ.”

ಅಧಿಕಾರಿಗೆ ನನ್ನ ಗುರುತಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ನಿಮ್ಮ ತೋಟದ್ದಾ ಸಾರ್? ನಿಮ್ದು ಅಂದ್ರೆ ಬಿಟ್ಬುಡ್ತೀನಿ.”

ನಮ್ಮ ಪಹಣಿ ನನ್ನ ಫೋನಿನಲ್ಲೇ ಇತ್ತು. ಆ ಒಡಕಿನಲ್ಲಿ ಒಂದು ಪಾಲು ನಮ್ಮ ತೋಟದ್ದೇ. ಹೌದು ಎಂದಿದ್ದರೆ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಾನು, “ಅಲ್ಲ, ಅದು ಅವರ ಕೂಲಿ,” ಎಂದೆ. ಅದು ಸರಿಯಾದ ಉತ್ತರ. ಇಪ್ಪತ್ತು ವರ್ಷ ಯಾವ ಕಚೇರಿಯಲ್ಲೂ ನಾನು ಸುಳ್ಳು ಹೇಳಿ ಕೆಲಸ ಮಾಡಿಸಿಕೊಂಡವನಲ್ಲ. ಆಕೆಗೆ ನಮ್ಮ ಮಾತು ಕೇಳಿಸಿತ್ತು.

ಶುಲ್ಕ, ಅದರ ಮೇಲೆ ದಂಡ. ಆಕೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಮನೆ ಕಂದಾಯದ ಉಳಿದ ಕಾಲು ಪಾಲಿಗೆ ಎಂದು ಕೂಡಿಟ್ಟದ್ದು ಅದು. ಅಧಿಕಾರಿ ಜೀಪಿನ ಬಾನೆಟ್ ಮೇಲೆ ಇಟ್ಟು ರಸೀದಿ ಬರೆದ. ವರ್ತಕರ ಹೆಸರು ಎಂದು ಅಚ್ಚಾಗಿದ್ದ ಜಾಗದಲ್ಲಿ ಆಕೆಯ ಹೆಸರು ತುಂಬಿದ. ನಾನು ಓದಿ ಹೇಳಿದೆ.

“ಇದು ರಸೀದಿ ಅಲ್ವಾ? ಇದ್ನೇ ಪಂಚಾಯ್ತಿಗೆ ಕೊಟ್ರೆ ಆಗಲ್ವಾ?” ಎಂದು ಕೇಳಿದಳು.

“ಇದು ಬೇರೆ ರಸೀದಿ,” ಎಂದೆ.

ಮಿಲ್ಲಿನ ಅಂಗಳದಲ್ಲಿ ಖರೀದಿ ನೋಡಿಕೊಳ್ಳುವವನು ಒಂದು ಚೂರು ಎತ್ತಿ ಮೂಸಿದ, ಮುರಿದ, ನಾಲಿಗೆಗೆ ತಾಗಿಸಿ ಉಗಿದ. ನಾಲ್ಕು ಮೂಟೆಗೂ ಅದನ್ನೇ ಮಾಡಿದ.

“ಇದು ಸೋಪಿನೆಣ್ಣೆಗೆ ಹೋಗೋ ಮಾಲಮ್ಮ.”

“ಎರಡು ಮೂಟೆ ಚೆನ್ನಾಗವೆ ಸಾಮಿ. ಕಿವಿಗೊಟ್ಟು ನೋಡಿ, ಸದ್ದೈತೆ.”

“ಮೂಗಿಗೆ ಬತ್ತಾ ಐತಲ್ಲಮ್ಮ, ಕಿವಿ ಯಾಕೆ?”

“ಬೆಲೆ ಏರೈತೆ ಅಂತ ಪೇಪರ್ನಾಗೆ ಬಂದೈತೆ. ಇಗ, ಈ ಅಣ್ಣನೇ ಬರ್ದಿರೋದು.”

ಅವನು ನನ್ನನ್ನು ನೋಡಿ ನಕ್ಕ. “ಏರೈತೆ. ಕೌಟಿಗಲ್ಲ.”

ಅವನು ಕೊಟ್ಟದ್ದು ಮಳೆಗಾಲದಲ್ಲಿ ಸಿಗುತ್ತಿದ್ದುದರ ಅರ್ಧವೂ ಇರಲಿಲ್ಲ. ಆಟೋದವನು ಡೀಸೆಲ್ ಮಾತ್ರ ತಗೋತೀನಿ ಎಂದು ಹೇಳಿ ಅಷ್ಟನ್ನೇ ತೆಗೆದುಕೊಂಡ. ಉಳಿದದ್ದನ್ನು ಆಕೆ ಗಂಟು ಕಟ್ಟುವಾಗ ಗಂಟು ಸಣ್ಣದಾಗಿ ಸೆರಗಿನ ತುದಿಯಲ್ಲಿ ನಿಲ್ಲಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ಬಿಲ್ ಕಲೆಕ್ಟರ್ ಹೇಳಿದ್ದ ಮೊತ್ತಕ್ಕೆ ಅದು ಎಲ್ಲಿಯೂ ಸಾಲದು ಎಂದು ಪಂಚಾಯಿತಿ ಕಡೆ ಅವರು ಹೋಗಲೇ ಇಲ್ಲ. ಆ ದುಡ್ಡಿನಲ್ಲಿ ತಾಡಪಾಲು ಹೊಸದು ತಂದರು.

ಗ್ರಾಮಸಭೆಗೆ ನಾನು ಹೋಗಿದ್ದೆ, ವರದಿಗೆ. ಅವರೂ ಬಂದು ಹಿಂದುಗಡೆ ನಿಂತಿದ್ದರು. ಅರ್ಜಿಯನ್ನೇ ಕೊಟ್ಟಿರದಿದ್ದರೂ ಹೆಸರು ಓದುವಾಗ ಆಕೆ ಕತ್ತು ಉದ್ದ ಮಾಡಿ ಕೇಳುತ್ತಿದ್ದಳು, ಕಾಯಿ ಅಲ್ಲಾಡಿಸುವಾಗಿನ ಹಾಗೆಯೇ ತಲೆಯನ್ನು ಒಂದು ಕಡೆ ವಾಲಿಸಿ. ಪಟ್ಟಿ ಮುಗಿಯಿತು. ಓದಿದ ಹೆಸರುಗಳಲ್ಲಿ ಅವರ ಬೀದಿಯ ಇಬ್ಬರಿದ್ದರು. ಅವರಿಬ್ಬರ ಕೈಯಲ್ಲೂ ನಮಗೆ ಗೊತ್ತಿದ್ದಂತೆ ಕಾಸಿರಲಿಲ್ಲ. ಸಭೆ ಚೆದುರುವಾಗ ಬಿಲ್ ಕಲೆಕ್ಟರನನ್ನು ನಿಲ್ಲಿಸಿ, ಅವರು ಬಾಕಿ ಪೂರ್ತಿ ಕಟ್ಟಿದರೇ ಎಂದು ಕೇಳಿದೆ.

“ಪೂರ್ತಿ ಯಾರು ಕಟ್ತಾರೆ ಸಾರ್? ಒಂದು ವರ್ಷದ್ದು ಕಟ್ಟಿ ರಸೀದಿ ಹರಿಸ್ಕಂಡ್ರೂ ಆಯ್ತದೆ. ಅರ್ಜಿಗೆ ಬೇಕಿದ್ದುದು ರಸೀದಿ ಅಷ್ಟೆ.”

“ಆವತ್ತು ನೀವು ಪೂರ್ತಿ ಬಾಕಿ ಹೇಳಿದಿರಿ.”

“ಬಾಕಿ ಎಷ್ಟು ಅಂತ ಹೇಳ್ದೆ. ಪೂರ್ತಿ ಕಟ್ಟು ಅಂದ್ನಾ? ನೀವೂ ಅಲ್ಲೇ ಇದ್ರಲ್ಲ ಸಾರ್, ಪೇಪರ್ನೋರು. ನಿಮ್ಗೆ ಗೊತ್ತಿರ್ತದೆ ಅಂದ್ಕಂಡೆ.”

ಮಳೆಗಾಲದ ಆ ಭಾನುವಾರ ಒಂದೇ ಒಂದು ಮೂಟೆ ಮಾರಿದ್ದರೂ ಸಾಕಿತ್ತು. ಇದನ್ನು ನಾನು ಆಕೆಗೆ ಹೇಳಲಿಲ್ಲ. ಬೀದಿಯ ಆ ಇಬ್ಬರಿಂದ ಆಕೆಗೆ ತಿಳಿದಿರಬೇಕು.

ಮುಂದಿನ ಹಂಗಾಮಿಗೆ ಕೊಬ್ಬರಿ ಬೆಲೆ ನಮ್ಮ ಹಿರಿಯರು ಯಾರೂ ಕಾಣದಷ್ಟು ಮೇಲೆ ಹೋಗಿತ್ತು. ಅಟ್ಟಗಳಿಗೆ ಬೀಗ ಬಿತ್ತು. ಚಳಿಗಾಲದಲ್ಲಿ ಅವರ ಮುಂದಿನ ಕೋಣೆಯ ಗೋಡೆಯೂ ಬಿರುಕು ಬಿಟ್ಟಾಗ ನಮ್ಮ ಕೊಬ್ಬರಿ ಶೆಡ್ಡಿನ ಅಟ್ಟದ ಕೆಳಗೆ ಮಲಗಿಕೊಳ್ಳಲು ಅವ್ವ ಬಿಟ್ಟಿದ್ದಳು. ಬೆಲೆ ಏರುತ್ತಿದ್ದಂತೆ, “ಮೇಲೆ ಕಾಯವೆ ಕಣೇ, ನಾಳೆ ಒಂದ್ ಹೆಚ್ಚುಕಮ್ಮಿ ಆದ್ರೆ ನಿಮ್ಗೇ ಕೆಟ್ಟೆಸ್ರು,” ಎಂದು ಎಬ್ಬಿಸಿದಳು. ಅವರು ಬಿರುಕಿನ ಕೋಣೆಗೆ ಮರಳಿ ಹೋದರು.

ಕಾಯಿ ಇಳಿಸುವ ದಿನ ಆಕೆ ಎಂದಿನಂತೆ ಮೊದಲೇ ಬಂದಳು. ಹೆಂಗಸರೆಲ್ಲ ಕೂತ ಮೇಲೆ ಅವ್ವ ನಡುವೆ ಒಂದು ಖಾಲಿ ಬುಟ್ಟಿ ತಂದಿಟ್ಟಳು.

“ಈ ವರ್ಷ ಒಡಕು ಇದ್ರೊಳಕ್ಕೆ. ಎಲ್ರ ಮನೇಲೂ ಹಂಗೇ ಮಾಡವ್ರೆ. ಕೂಲಿ ಪೂರ್ತಿ ದುಡ್ಡೇ ಕೊಡ್ತೀನಿ.”

“ಬೆಲೆ ಇಲ್ದಾಗ ನಮ್ದು, ಬೆಲೆ ಬಂದಾಗ ನಿಮ್ದಾ ಅವ್ವಾರೆ?” ಎಂದು ಒಬ್ಬಳು ಕೇಳಿದಳು.

“ತೋಟ ಯಾರ್ದೇ?”

ಹೆಂಗಸರು ಮಚ್ಚು ಎತ್ತಿಕೊಂಡರು. ಜಗುಲಿಯಲ್ಲಿ ಕೂತಿದ್ದ ನಾನು ಪತ್ರಿಕೆಯ ಪುಟ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಆಕೆಯ ಕೈಯಲ್ಲಿ ಒಂದು ಉಂಡೆ ಸೀಳಿತು. ಎರಡು ಹೋಳನ್ನೂ ಬುಟ್ಟಿಗೆ ಹಾಕಿದಳು.

“ಬೇಕಂತ ಒಡದ್ಯಾ?” ಎಂದಳು ಅವ್ವ.

ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಚಿಪ್ಪು ತೆಗೆದವಳು. “ಕಾಯೊಳ್ಗೇ ಬಿರುಕಿತ್ತು ಅವ್ವಾರೆ,” ಎಂದು ಮುಂದಿನ ಕಾಯಿ ಎತ್ತಿಕೊಂಡಳು.

ಮಧ್ಯಾಹ್ನ ಊಟಕ್ಕೆ ಎದ್ದಾಗ ಆಕೆಯ ಗಂಡ ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ನನಗೆ ಕೊಟ್ಟ. ಪಂಚಾಯಿತಿಯ ಕಂದಾಯ ನೋಟಿಸು. ಓದಿ ಹೇಳಿದೆ. ಹಳೆಯ ಬಾಕಿ, ಅದರ ಮೇಲೆ ಈ ವರ್ಷದ್ದು. ಎರಡು ಕೋಣೆ, ಒಂದು ನಲ್ಲಿ.

ಆಕೆ ಕೈ ತೊಳೆದುಕೊಳ್ಳುತ್ತ ಕೇಳಿದಳು: “ಅದಿರ್ಲಿ. ನಿಮ್ ಪೇಪರ್ನಾಗೆ ಏನೈತೆ?”

“ಎಣ್ಣೆ ಮೇಲಿನ ಸುಂಕ ಮತ್ತೆ ಇಳಿಸಿದ್ದಾರೆ.”

“ಅಂದ್ರೆ ಮುಂದೆ ಬೆಲೆ ಬೀಳ್ತದಾ?”

“ಬೀಳಬಹುದು.”

“ಹಂಗಾದ್ರೆ ಒಡಕು ಮತ್ತೆ ನಮ್ದಾಯ್ತದೆ ಬುಡಿ.”

“ನಿಂದಾಯ್ತದೆ ಸರಿ. ಎಲ್ಲಿ ಇಡ್ತೀಯೆ?” ಎಂದ ಗಂಡ.

“ಪುಸ್ತಕದಾಗೆ ಎರಡು ಕೋಣೆ ಅವೆಯಲ್ಲ. ಹಿಂದಿನ್ ಕೋಣೇಲಿ ಇಡ್ತೀನಿ.”

ಹೆಂಗಸರೆಲ್ಲ ಜೋರಾಗಿ ನಕ್ಕರು. ಅವ್ವ ಒಳಗಿನಿಂದ, “ಉಂಡಿದ್ದಾದ್ರೆ ಕೂತ್ಕಳ್ರೇ, ಹೊತ್ತೋಯ್ತಾ ಐತೆ,” ಎಂದು ಕೂಗಿದಳು. ಎಲ್ಲರೂ ಮತ್ತೆ ಕೂತರು. ಆ ಮಧ್ಯಾಹ್ನ ಆಕೆಯ ಕೈಯಲ್ಲಿ ಒಂದು ಉಂಡೆಯೂ ಒಡೆಯಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಅವಳ ಮುಂದೆ ನಿಂತು ಮಡಿಲು ತೋರಿಸಿ ಹೋಗಬೇಕಾಗಿತ್ತು. ಅದೂ ಆ ವರ್ಷದ ಹೊಸ ಪದ್ಧತಿ. ಆಕೆಯ ಸರದಿ ಬಂತು. ಅವ್ವ ಬಾಯಿ ತೆರೆಯುವ ಮೊದಲೇ ಆಕೆ ಸೆರಗನ್ನು ಪೂರ್ತಿ ಬಿಚ್ಚಿ ಎರಡು ಸಲ ಕೊಡವಿದಳು. ಚಿಪ್ಪಿನ ಪುಡಿ ಹೊಸ್ತಿಲ ಮೇಲೆ ಉದುರಿತು.